ಡಬ್ಲಿನ್‌ನಿಂದ ಕಿಲ್ಕೆನ್ನಿಗೆ ಒಂದು ದಿನ: ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಡಬ್ಲಿನ್‌ಗೆ ಓದಲು ಬಂದವರು ಮೊದಲ ಸಲ ಊರು ಬಿಟ್ಟು ಹೊರಡಬೇಕು ಅಂದಾಗ ಸಾಮಾನ್ಯವಾಗಿ ಪಶ್ಚಿಮ ಕರಾವಳಿಯ ಕಡಿಬಂಡೆ ಕ್ಲಿಫ್ಸ್ ಆಫ್ ಮೊಹರ್‌ನ ಟೂರ್ ಬಸ್ ಹತ್ತುತ್ತಾರೆ. ಹೋಗಬೇಡಿ ಅಂತ ಹೇಳ್ತಿಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಬಸ್ಸಿನ ಸೀಟಿನಲ್ಲೇ ಮುಗಿಯುತ್ತದೆ, ಇಳಿದ ಮೇಲೂ ಗೈಡ್ ಹೇಳಿದ ಹೊತ್ತಿಗೆ ವಾಪಸ್ ಓಡಬೇಕು. ನಿಮ್ಮ ಪಾಡಿಗೆ ನೀವು ನಡೆದು, ಕೂತು, ಮನಸ್ಸು ಬಂದಾಗ ಎದ್ದು ನೋಡುವ ಊರು ಬೇಕು ಅಂದ್ರೆ ಕಿಲ್ಕೆನ್ನಿಗೆ ಹೋಗಿ.

ಹೆಸರಿಗೆ ಅದು ಸಿಟಿ. 1609ರಲ್ಲಿ ಮೊದಲನೇ ಜೇಮ್ಸ್ ದೊರೆ ಸನ್ನದು ಕೊಟ್ಟು ಸಿಟಿ ಮಾಡಿದ. 2022ರ ಜನಗಣತಿ ಪ್ರಕಾರ ಇರುವುದು ಸುಮಾರು 27 ಸಾವಿರ ಜನ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರವೂ ಇದಕ್ಕಿಂತ ದೊಡ್ಡದಿರುತ್ತದೆ. ಇಲ್ಲಿ ಅದೇ ಅನುಕೂಲ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಕ್ಯಾಥೆಡ್ರಲ್, ಮಧ್ಯೆ ಒಂದು ಮುಖ್ಯ ಬೀದಿ, ಪಕ್ಕದಲ್ಲಿ ನೋರ್ ನದಿ. ಇಷ್ಟೇ ನಕ್ಷೆ. ಊರೊಳಗೆ ಬಸ್ಸು, ಟ್ಯಾಕ್ಸಿ ಯಾವುದೂ ಬೇಡ.

ಇಡೀ ದಿನಕ್ಕೆ ನನ್ನ ಸಲಹೆ ಎರಡೇ. ಒಂದು, ಎಲ್ಲರೂ ಕೋಟೆಯಿಂದ ಶುರು ಮಾಡುತ್ತಾರೆ, ನೀವು ಕ್ಯಾಥೆಡ್ರಲ್‌ನಿಂದ ಶುರು ಮಾಡಿ. ಎರಡು, ಎರಡೇ ಕಡೆ ಟಿಕೆಟ್ ತಗೊಳ್ಳಿ, ಉಳಿದದ್ದನ್ನು ಪುಕ್ಕಟೆ ನೋಡಿ. ಕಾರಣ ಹೇಳ್ತಾ ಹೋಗ್ತೀನಿ.

ಹಂತ 1: ದಿನ ಯಾವುದು?

ಆದಷ್ಟು ವಾರದ ಮಧ್ಯೆ ಹೋಗಿ. ರೀಡಿಂಗ್ ವೀಕ್ (ಕ್ಲಾಸಿಲ್ಲದ ಓದಿನ ವಾರ) ಇದ್ದರೆ ಇನ್ನೂ ಒಳ್ಳೆಯದು. ಶನಿವಾರ ಯಾಕೆ ಬೇಡ ಅಂದ್ರೆ, ಕಿಲ್ಕೆನ್ನಿ ಐರ್ಲೆಂಡ್‌ನಲ್ಲಿ ಮದುವೆಗೆ ಮುಂಚಿನ ಹೆನ್ ಪಾರ್ಟಿ, ಸ್ಟ್ಯಾಗ್ ಪಾರ್ಟಿಗಳಿಗೆ ಹೆಸರಾದ ಊರು. ಗುಲಾಬಿ ಬಣ್ಣದ ಪಟ್ಟಿ ಹಾಕಿಕೊಂಡ ಹುಡುಗಿಯರ ಗುಂಪು ಬೆಳಗಿನ ರೈಲಿನಲ್ಲೇ ಹಾಡಲು ಶುರು ಮಾಡಿರುತ್ತದೆ. ತಮಾಷೆಯಾಗಿರುತ್ತದೆ, ನಿಜ, ಆದರೆ ನೀವು ಅಸೈನ್‌ಮೆಂಟಿನ ತಲೆನೋವು ಮರೆಯಲು ಹೊರಟವರಾದರೆ ಅದು ನಿಮಗೆ ಬೇಡ.

ಭಾನುವಾರ ಬೇರೆ ತೊಂದರೆ. ರೈಲು ಕಡಿಮೆ, ಅಂಗಡಿಗಳು ತಡವಾಗಿ ತೆರೆಯುತ್ತವೆ, ಚರ್ಚ್‌ಗಳಲ್ಲಿ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಓಡಾಡಿ ನೋಡಲು ಬಿಡುವುದಿಲ್ಲ. ಸೋಮವಾರ ಕೆಲವು ಗ್ಯಾಲರಿ, ಮ್ಯೂಸಿಯಂ ಮುಚ್ಚಿರುತ್ತವೆ. ಹಾಗಾಗಿ ಮಂಗಳವಾರದಿಂದ ಶುಕ್ರವಾರ. ಪಾರ್ಟ್ ಟೈಮ್ ಕೆಲಸ ಇರುವವರು ರೋಸ್ಟರ್ ಬರುವ ಮೊದಲೇ ಮ್ಯಾನೇಜರ್‌ಗೆ ಆ ದಿನ ಬರಲ್ಲ ಅಂತ ಹೇಳಿಬಿಡಿ. ರೋಸ್ಟರ್ ಬಂದಮೇಲೆ ಕೇಳಿದರೆ ಶಿಫ್ಟ್ ಬದಲಾಯಿಸಿಕೊಳ್ಳಲು ಯಾರಾದರೂ ಸಿಗಬೇಕು, ಸಿಕ್ಕವರಿಗೆ ನೀವು ಒಂದು ಭಾನುವಾರ ಸಾಲ ಇರ್ತೀರಿ.

ಹೊತ್ತು ಮುಳುಗುವ ಲೆಕ್ಕವನ್ನೂ ನೋಡಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ಕಾಲಿಗೆಲ್ಲ ಕತ್ತಲು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಚಳಿಗಾಲದಲ್ಲಿ ಕೋಟೆ, ಗೋಪುರಗಳ ಸಮಯವೂ ಕಡಿಮೆ. ಮೊದಲ ಸಲ ಹೋಗುವವರಿಗೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಚೆನ್ನ. ಆಗಸ್ಟ್‌ನಲ್ಲಿ ಆರ್ಟ್ಸ್ ಫೆಸ್ಟಿವಲ್ ನಡೆಯುತ್ತದೆ, ಜೂನ್ ಬ್ಯಾಂಕ್ ಹಾಲಿಡೇ ಹೊತ್ತಿಗೆ ಕಾಮಿಡಿ ಹಬ್ಬ. ಆಗ ಊರು ಗಿಜಿಗುಡುತ್ತದೆ.

ಇನ್ನೊಂದು ಮಾತು, ಇದು ಕಿಲ್ಕೆನ್ನಿಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಲೇಬೇಕು. ಸಣ್ಣ ಊರು ಹುಡುಕುತ್ತಾ ಡೆರಿ, ಆರ್ಮಾ, ನ್ಯೂರಿ ಅಂತ ಹೊರಡಬೇಡಿ. ಅವು ಉತ್ತರ ಐರ್ಲೆಂಡ್‌ನಲ್ಲಿವೆ, ಅಂದ್ರೆ ಬ್ರಿಟನ್ನಿನ ಆಡಳಿತ. ನಮ್ಮ ಐರಿಶ್ ಸ್ಟೂಡೆಂಟ್ ವೀಸಾ, ಐಆರ್‌ಪಿ ಕಾರ್ಡ್ (ಐರ್ಲೆಂಡ್‌ನಲ್ಲಿ ಇರಲು ಕೊಡುವ ಪರವಾನಗಿ) ಅಲ್ಲಿ ನಡೆಯುವುದಿಲ್ಲ. ಗಡಿಯಲ್ಲಿ ಗೇಟು, ಕಾವಲು ಏನೂ ಕಾಣಿಸಲ್ಲ, ಬಸ್ಸು ಸುಮ್ನೆ ದಾಟಿಬಿಡುತ್ತದೆ. ಮಧ್ಯೆ ಯಾರಾದರೂ ತಪಾಸಣೆಗೆ ಹತ್ತಿದರೆ ಮಾತ್ರ ದೊಡ್ಡ ಪಜೀತಿ. ಬ್ರಿಟನ್ ವೀಸಾ ಇಲ್ಲದೆ ಅತ್ತ ಹೋಗಬಾರದು. ಕಿಲ್ಕೆನ್ನಿಗೆ ಆ ಚಿಂತೆ ಇಲ್ಲ.

ಹಂತ 2: ರೈಲೋ ಬಸ್ಸೋ?

ರೈಲು ಡಬ್ಲಿನ್ ಹ್ಯೂಸ್ಟನ್ ಸ್ಟೇಷನ್‌ನಿಂದ ಹೊರಡುತ್ತದೆ. ಕಾನಲಿ ಅಲ್ಲ, ಹ್ಯೂಸ್ಟನ್. ವಾಟರ್‌ಫರ್ಡ್‌ಗೆ ಹೋಗುವ ರೈಲು ಹತ್ತಬೇಕು, ಸುಮಾರು ಒಂದೂವರೆ ಗಂಟೆ ದಾರಿ. ಬಸ್ಸಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು, ಆದರೆ ಕೆಲವು ದಿನ ದುಡ್ಡು ಕಡಿಮೆ ಬೀಳುತ್ತದೆ, ಸಂಜೆ ತಡವಾಗಿಯೂ ಸಿಗಬಹುದು. ಹೋಗುವಾಗ ರೈಲು, ಬರುವಾಗ ಬಸ್ಸು ಅಂತ ಮಾಡಿದರೂ ತಪ್ಪಿಲ್ಲ.

ರೈಲ್ ಟಿಕೆಟ್ ಸ್ಟೇಷನ್‌ಗೆ ಹೋಗಿ ತಗೊಳ್ಳಬೇಡಿ. ಮೊದಲೇ ಆನ್‌ಲೈನ್‌ನಲ್ಲಿ ತಗೊಂಡರೆ ಕಡಿಮೆ, ಅದರಲ್ಲೂ ಸ್ಟೂಡೆಂಟ್ ದರ ಆರಿಸಿಕೊಂಡರೆ ಇನ್ನೂ ಕಡಿಮೆ. ಸ್ಟೂಡೆಂಟ್ ದರಕ್ಕೆ ಸ್ಟೂಡೆಂಟ್ ಲೀಪ್ ಕಾರ್ಡ್ (ಬಸ್ಸು, ರೈಲಿಗೆ ದುಡ್ಡು ತುಂಬಿಸಿಟ್ಟುಕೊಳ್ಳುವ ಕಾರ್ಡ್) ಜೇಬಿನಲ್ಲಿರಬೇಕು, ರೈಲಿನಲ್ಲಿ ಕೇಳಿದರೆ ತೋರಿಸಬೇಕು. ಬರೀ ಕಾಲೇಜ್ ಐಡಿ ಇದೆ ಅಂತ ವಾದ ಮಾಡುತ್ತಾ ಕೂತರೆ ಪೂರ್ತಿ ದುಡ್ಡು ಕಟ್ಟುವ ಹಾಗಾದೀತು. ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಈ ನೆಪದಲ್ಲಿ ಮಾಡಿಸಿಬಿಡಿ, ಡಬ್ಲಿನ್‌ನಲ್ಲಿ ದಿನಾ ಓಡಾಡಲೂ ಅದೇ ಬೇಕಲ್ವಾ.

ಟಿಕೆಟ್ ತಗೊಳ್ಳುವಾಗಲೇ ವಾಪಸ್ ರೈಲಿನ ವೇಳೆ ನೋಡಿ. ಕಿಲ್ಕೆನ್ನಿಯಿಂದ ಡಬ್ಲಿನ್‌ಗೆ ಕೊನೆಯ ರೈಲು ರಾತ್ರಿ ತಡವಾಗಿ ಇರುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಒಂದು ತಪ್ಪಿದರೆ ಇನ್ನೊಂದು ಅನ್ನೋ ಅಭ್ಯಾಸ ಇಲ್ಲಿ ನಡೆಯಲ್ಲ. ವಾಪಸ್ ರೈಲಿನ ಸಮಯ ಬರೆದಿಟ್ಟುಕೊಂಡು, ಇಡೀ ದಿನದ ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕಿ.

ಹಂತ 3: ಬ್ಯಾಗ್

ಛತ್ರಿ ಮನೆಯಲ್ಲಿಡಿ. ಇಲ್ಲಿನ ಗಾಳಿಗೆ ಅದು ಉಲ್ಟಾ ಆಗಿ ಕಡ್ಡಿ ಮುರಿದುಕೊಂಡು ಮೊದಲ ಕಸದ ಡಬ್ಬಿ ಸೇರುತ್ತದೆ. ತಲೆಗೆ ಟೋಪಿ ಇರುವ ಮಳೆ ಜಾಕೆಟ್, ಒಳಗೆ ತೆಳ್ಳಗಿನ ಎರಡು ಪದರ, ಜಾರದ ಶೂ. ಗೋಪುರ ಹತ್ತುವುದರಿಂದ ಶೂ ವಿಷಯದಲ್ಲಿ ರಾಜಿ ಬೇಡ.

ನೀರಿನ ಬಾಟಲಿ ಮನೆಯಿಂದಲೇ ತುಂಬಿಸಿಕೊಂಡು ಹೋಗಿ, ನಲ್ಲಿ ನೀರು ಕುಡಿಯಬಹುದು. ಅಂಗಡಿಯಲ್ಲಿ ತಗೊಂಡ ಪ್ಲಾಸ್ಟಿಕ್ ಬಾಟಲಿ ಅಥವಾ ಕ್ಯಾನ್ ಇದ್ದರೆ ಎಸೆಯಬೇಡಿ, ಅಪ್ಪಚ್ಚಿ ಮಾಡಲೂ ಬೇಡಿ. 2024ರ ಫೆಬ್ರವರಿಯಿಂದ ಅವಕ್ಕೆ ಠೇವಣಿ ಕಟ್ಟಿಸಿಕೊಳ್ಳುತ್ತಾರೆ, 500 ಮಿಲಿಲೀಟರ್‌ವರೆಗಿನದಕ್ಕೆ 15 ಸೆಂಟ್, ದೊಡ್ಡದಕ್ಕೆ 25. ಸೂಪರ್‌ಮಾರ್ಕೆಟ್ ಮುಂದಿನ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಅಪ್ಪಚ್ಚಿಯಾದದ್ದನ್ನು ಮೆಷಿನ್ ತಗೊಳ್ಳಲ್ಲ.

ಡಬ್ಬಿಗೆ ಚಿತ್ರಾನ್ನವೋ ಚಪಾತಿ ಪಲ್ಯವೋ ಹಾಕಿಕೊಳ್ಳಿ. ಅದಕ್ಕೊಂದು ಒಳ್ಳೆ ಜಾಗ ಮುಂದೆ ಹೇಳ್ತೀನಿ.

ಹಂತ 4: ಹೋಗುವ ದಾರಿ

ಹ್ಯೂಸ್ಟನ್‌ಗೆ ಲುವಾಸ್ (ಡಬ್ಲಿನ್‌ನ ಟ್ರಾಮ್) ರೆಡ್ ಲೈನ್ ಇದೆ. ಮನೆಯಿಂದ ಬಸ್ ಹತ್ತಿ ಆಮೇಲೆ ಲುವಾಸ್ ಹಿಡಿಯುವವರು ಎರಡು ಕಡೆಯೂ ಲೀಪ್ ಕಾರ್ಡ್ ತೋರಿಸಿ, 90 ನಿಮಿಷದೊಳಗೆ ಬದಲಾಯಿಸಿದರೆ ಒಂದೇ ದರ ಬೀಳುತ್ತದೆ.

ಸೀಟ್ ಕಾಯ್ದಿರಿಸಿದ್ದರೆ ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ನಿಮ್ಮ ಹೆಸರೇ ಬರುತ್ತದೆ. ಬೇರೆಯವರ ಹೆಸರಿರುವ ಸೀಟಿನಲ್ಲಿ ಕೂತರೆ ಮುಂದಿನ ಸ್ಟೇಷನ್‌ನಲ್ಲಿ ನಗುತ್ತಲೇ ಎಬ್ಬಿಸುತ್ತಾರೆ. ನ್ಯೂಬ್ರಿಜ್ ದಾಟಿ ಕಿಲ್ಡೇರ್ ಬರುವ ಮುಂಚೆ ಕರಾ ಬಯಲು ಸಿಗುತ್ತದೆ. ಬೇಲಿ ಇಲ್ಲದ ಹಸಿರು, ಕುರಿ, ಕುದುರೆ ಓಟದ ಮೈದಾನ. ಆಮೇಲೆ ಅಥೈ, ಕಾರ್ಲೋ, ಬೇಗನಾಲ್ಸ್‌ಟೌನ್, ಅದಾದ ಮೇಲೆ ಕಿಲ್ಕೆನ್ನಿ. ಬೇಗನಾಲ್ಸ್‌ಟೌನ್‌ಗೆ ಮುಯಿನ್ ಬೇಗ್ ಅಂತಲೂ ಬೋರ್ಡ್ ಇರುತ್ತದೆ, ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ. ಕಿಲ್ಕೆನ್ನಿ ಸ್ಟೇಷನ್‌ನಲ್ಲಿ ಹಳಿ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ಮುಗಿಯುತ್ತದೆ. ರೈಲು ಬಂದು ನಿಂತು, ಡ್ರೈವರ್ ಆ ತುದಿಗೆ ಹೋಗಿ, ಬಂದ ದಿಕ್ಕಿಗೇ ಹೊರಟು ವಾಟರ್‌ಫರ್ಡ್ ಕಡೆ ತಿರುಗುತ್ತದೆ. ಡಬ್ಲಿನ್‌ಗೆ ಹೋಗುವ ರೈಲೂ ಹೀಗೇ ಬಂದು ಹೀಗೇ ಹೊರಡುತ್ತದೆ. ಆದ್ದರಿಂದ ಸಂಜೆ ವಾಪಸ್ ಬರುವಾಗ ರೈಲಿನ ಮೂತಿ ಯಾವ ಕಡೆ ಇದೆ ಅಂತ ನೋಡಿ ಹತ್ತಬೇಡಿ. ಬೋರ್ಡ್ ನೋಡಿ ಹತ್ತಿ.

ಹಂತ 5: ಸ್ಟೇಷನ್‌ನಿಂದ ಸೀದಾ ಆ ತುದಿಗೆ

ಸ್ಟೇಷನ್ ಹೆಸರು ಮೆಕ್‌ಡೋನಾ. ಬ್ರಿಟಿಷರ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿ ಗುಂಡಿಗೆ ಬಲಿಯಾದ ಥಾಮಸ್ ಮೆಕ್‌ಡೋನಾ ಕೆಲಕಾಲ ಇದೇ ಊರಿನಲ್ಲಿ ಮೇಷ್ಟ್ರಾಗಿದ್ದ. ಪಕ್ಕದಲ್ಲೇ ಅದೇ ಹೆಸರಿನ ಶಾಪಿಂಗ್ ಮಾಲ್. ಶೌಚಾಲಯಕ್ಕೆ ಅಲ್ಲೇ ಹೋಗಿಬನ್ನಿ. ಮಾಲ್‌ನ ಒಂದು ಭಾಗ ಹಳೇ ಕಲ್ಲಿನ ಕಟ್ಟಡ, ನೋಡಿದರೆ ಗೊತ್ತಾಗುತ್ತದೆ. ಅದು 1840ರ ದಶಕದ ವರ್ಕ್‌ಹೌಸ್, ಅಂದ್ರೆ ಗತಿಯಿಲ್ಲದವರನ್ನು ಸೇರಿಸುತ್ತಿದ್ದ ಗಂಜಿಕೇಂದ್ರದಂಥ ಜಾಗ. ಮಾಲ್ ಕಟ್ಟಲು ನೆಲ ಅಗೆಯುವಾಗ ಮಹಾ ಕ್ಷಾಮದಲ್ಲಿ ಸತ್ತ 970 ಜನರ ಅಸ್ಥಿ ಸಿಕ್ಕಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. 2010ರಲ್ಲಿ ಮತ್ತೆ ಮಣ್ಣು ಮಾಡಿ ಅಲ್ಲೇ ಸಣ್ಣ ಸ್ಮಾರಕ ತೋಟ ಮಾಡಿದ್ದಾರೆ. ಕಾಫಿ ಕುಡಿದು ಹಾಗೇ ಹೊರಟುಬಿಡುವವರೇ ಜಾಸ್ತಿ, ನೀವು ಐದು ನಿಮಿಷ ಹೋಗಿ ನಿಂತು ಬನ್ನಿ.

ಅಲ್ಲಿಂದ ಜಾನ್ ಸ್ಟ್ರೀಟ್ ಹಿಡಿದು ಇಳಿಯಿರಿ. ಹತ್ತು ನಿಮಿಷಕ್ಕೆ ಜಾನ್ಸ್ ಬ್ರಿಜ್ ಸಿಗುತ್ತದೆ. ಸೇತುವೆ ಮೇಲೆ ನಿಂತರೆ ಎಡಕ್ಕೆ ನದಿಯ ಮೇಲೆ ಕೋಟೆ. ಕಿಲ್ಕೆನ್ನಿಯ ಫೋಟೋ ಅಂತ ನೀವು ನೋಡಿರುವ ಬಹುಪಾಲು ಚಿತ್ರಗಳು ಇಲ್ಲಿಂದಲೇ ತೆಗೆದವು. ಫೋಟೋ ತಗೊಳ್ಳಿ, ಆದರೆ ಕೋಟೆಗೆ ಹೋಗಬೇಡಿ. ಬಲಕ್ಕೆ ಸೇಂಟ್ ಕೀರನ್ಸ್ ಸ್ಟ್ರೀಟ್ ಹಿಡಿದು, ಪಾರ್ಲಿಮೆಂಟ್ ಸ್ಟ್ರೀಟ್ ದಾಟಿ, ಐರಿಶ್‌ಟೌನ್‌ವರೆಗೆ ಎಲ್ಲೂ ನಿಲ್ಲದೆ ನಡೆಯಿರಿ. ಈ ಅಂಗಡಿ, ಈ ಗಲ್ಲಿ ಎಲ್ಲ ವಾಪಸ್ ಬರುವಾಗ ಸಿಗುತ್ತವೆ.

ಯಾಕೆ ಹೀಗೆ ಅಂದ್ರೆ, ಗೋಪುರ ಹತ್ತಲು ಕಾಲಿನಲ್ಲಿ ಶಕ್ತಿ ಇರಬೇಕು, ಮಳೆ ಗಾಳಿ ಜಾಸ್ತಿಯಾದರೆ ಮುಚ್ಚಿಬಿಡುತ್ತಾರೆ. ಬೆಳಗ್ಗೆ ಮುಚ್ಚಿದ್ದರೆ ಮಧ್ಯಾಹ್ನ ಇನ್ನೊಂದು ಸಲ ಬಂದು ನೋಡಬಹುದು. ಮಧ್ಯಾಹ್ನ ಮೊದಲ ಸಲ ಬಂದು ಮುಚ್ಚಿದ್ದರೆ ಮುಗಿದೇಹೋಯಿತು. ಇನ್ನು ಕೋಟೆಯ ಉದ್ಯಾನ ದಣಿದ ಮೇಲೆ ಬಿದ್ದುಕೊಳ್ಳಲು ಹೇಳಿ ಮಾಡಿಸಿದ ಜಾಗ, ಅದನ್ನು ಬೆಳಗ್ಗೆಯೇ ಯಾಕೆ ಖರ್ಚು ಮಾಡ್ತೀರಿ?

ಹಂತ 6: ಸೇಂಟ್ ಕ್ಯಾನಿಸ್ ಕ್ಯಾಥೆಡ್ರಲ್ ಮತ್ತು ದುಂಡು ಗೋಪುರ

ಇಲ್ಲಿಗೆ ಮೊದಲ ಟಿಕೆಟ್. ಕ್ಯಾಥೆಡ್ರಲ್‌ಗೂ ಗೋಪುರಕ್ಕೂ ಸೇರಿಸಿ ಒಂದೇ ಸಲ ತಗೊಳ್ಳಬಹುದು. ವಿದ್ಯಾರ್ಥಿ ದರ ಕೇಳಿ, ಕಾರ್ಡ್ ಕೈಯಲ್ಲಿ ಹಿಡಿದಿರಿ. 1614ರಲ್ಲಿ ಕಟ್ಟಿದ ಕಲ್ಲಿನ ಮೆಟ್ಟಿಲು ಹತ್ತಿ ಒಳಗೆ ಹೋದರೆ ಚೆನ್ನ.

ಗೋಪುರ ಕ್ಯಾಥೆಡ್ರಲ್‌ಗಿಂತ ಹಳೆಯದು. ಅದು 9ನೇ ಶತಮಾನದ್ದು, ಚರ್ಚ್ 13ನೇ ಶತಮಾನದ್ದು. ಎತ್ತರ ಸುಮಾರು 30 ಮೀಟರ್. ಐರ್ಲೆಂಡ್ ತುಂಬ ಇಂಥ ದುಂಡು ಗೋಪುರಗಳಿವೆ, ಆದರೆ ಹತ್ತಲು ಬಿಡುವವು ಬೆರಳೆಣಿಕೆ. ಹೊರಗಿನಿಂದ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಒಳಗೆ ಹೋದಮೇಲೆ ಗೊತ್ತಾಗುವುದು. ಸುತ್ತು ಮೆಟ್ಟಿಲು ಇಲ್ಲ. ಮರದ ಅಟ್ಟ, ಅಟ್ಟದಿಂದ ಅಟ್ಟಕ್ಕೆ ಕಡಿದಾದ ಏಣಿ. ಒಬ್ಬರು ಹತ್ತುವಾಗ ಇನ್ನೊಬ್ಬರು ಕೆಳಗೆ ಕಾಯಬೇಕು. ಇಳಿಯುವವರು ಎದುರಾದರೆ ಅಟ್ಟದ ಮೂಲೆಗೆ ಒತ್ತಿಕೊಂಡು ದಾರಿ ಬಿಡಬೇಕು, ಅಷ್ಟರಲ್ಲಿ ಎಲ್ಲಿಂದ ಬಂದವರು, ಏನು ಓದ್ತಿದ್ದೀರಿ ಅಂತ ಮಾತು ಶುರುವಾಗಿರುತ್ತದೆ. ಮೇಲಕ್ಕೆ ಹೋದಂತೆ ಗೋಡೆ ಹತ್ತಿರ ಬರುತ್ತದೆ, ಬೆನ್ನಿನ ಬ್ಯಾಗ್ ಸಿಕ್ಕಿಕೊಳ್ಳುತ್ತದೆ. ಬ್ಯಾಗ್ ಕೆಳಗೇ ಇಡಲು ಜಾಗ ಇದೆಯಾ ಕೇಳಿ. ಫೋನ್ ಜಿಪ್ ಇರುವ ಜೇಬಿಗೆ ಹಾಕಿ, ಎರಡೂ ಕೈ ಏಣಿಗೆ ಬೇಕು. ಇಳಿಯುವಾಗ ಏಣಿಗೆ ಮುಖ ಮಾಡಿ, ಹಿಂದುಹಿಂದಾಗಿ ಇಳಿಯಿರಿ. ಎತ್ತರ ಅಂದ್ರೆ ಭಯ ಇರುವವರು, ಇಕ್ಕಟ್ಟು ಆಗದವರು ಹತ್ತಬೇಡಿ. ಸ್ನೇಹಿತರು ಚುಡಾಯಿಸಿದರೂ ಸರಿ.

ತುದಿಯಲ್ಲಿ ಈಗ ಶಂಕುವಿನಂಥ ಹೊದಿಕೆ ಇಲ್ಲ, ಬಯಲಿಗೆ ತೆರೆದಿದೆ. ನೀವು ಇನ್ನೂ ನಡೆಯಬೇಕಾದ ಊರೆಲ್ಲ ಅಲ್ಲಿಂದ ಕಾಣುತ್ತದೆ: ಕೆಳಗೆ ಐರಿಶ್‌ಟೌನ್, ಆಚೆ ಮುಖ್ಯ ಬೀದಿಯ ಮಾಡುಗಳು, ಎಡಕ್ಕೆ ನದಿ, ಕೊನೆಗೆ ಕೋಟೆ. ಎಲ್ಲಿಗೆ ಹೋಗಬೇಕು ಅಂತ ಇಲ್ಲೇ ನೋಡಿಕೊಂಡರೆ ಆಮೇಲೆ ಫೋನಿನ ಮ್ಯಾಪ್ ಬೇಡವೇ ಬೇಡ.

ಇಳಿದು ಕ್ಯಾಥೆಡ್ರಲ್ ಒಳಗೆ ಹೋಗಿ. ದಕ್ಷಿಣದ ಕಡೆ ಪಿಯರ್ಸ್ ಬಟ್ಲರ್, ಅವನ ಹೆಂಡತಿ ಮಾರ್ಗರೆಟ್ ಫಿಟ್ಸ್‌ಜೆರಾಲ್ಡ್ ಕಪ್ಪು ಕಲ್ಲಿನಲ್ಲಿ ಪಕ್ಕಪಕ್ಕ ಮಲಗಿದ್ದಾರೆ. ಅವನು ಸತ್ತದ್ದು 1539ರಲ್ಲಿ. ಅವನ ಮೈಮೇಲಿನ ಕವಚದ ಒಂದೊಂದು ಮಡಿಕೆ, ಅವಳ ತಲೆಯ ಮೇಲಿನ ಕೊಂಬಿನಂಥ ಉಡುಗೆ ಎಲ್ಲ ಸ್ಪಷ್ಟ. ಬಟ್ಲರ್ ಮನೆತನದ ಹೆಸರು ನೆನಪಿಡಿ, ಮಧ್ಯಾಹ್ನ ನೀವು ಹೋಗುವುದು ಅವರ ಮನೆಗೇ.

ಈ ಕಪ್ಪು ಕಲ್ಲಿನಿಂದಲೇ ಊರಿಗೆ ಮಾರ್ಬಲ್ ಸಿಟಿ ಅಂತ ಅಡ್ಡಹೆಸರು. ಅಸಲಿಗೆ ಅದು ಮಾರ್ಬಲ್ ಅಲ್ಲ, ಸುಣ್ಣಕಲ್ಲು, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಜಾತಿಯದು. ಉಜ್ಜಿ ಹೊಳಪು ಕೊಟ್ಟರೆ ಕಡುಕಪ್ಪಾಗುತ್ತದೆ. ಬಗ್ಗಿ ನೋಡಿದರೆ ಮಧ್ಯೆ ಬಿಳಿ ಚುಕ್ಕೆ, ಅರ್ಧಚಂದ್ರ, ಸಣ್ಣ ಉಂಗುರ ಕಾಣುತ್ತವೆ. ಅವು 30 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ಚಿಪ್ಪು, ಹವಳ. ಮಳೆ ಬಂದು ಕಲ್ಲು ಒದ್ದೆಯಾದರೆ ಇನ್ನೂ ಚೆನ್ನಾಗಿ ಕಾಣಿಸುತ್ತವೆ. ಮಳೆ ಬಂತು ಅಂತ ಬೈಯುವ ಮೊದಲು ಕಾಲ ಕೆಳಗಿನ ಕಲ್ಲು ನೋಡಿ.

ಕ್ಯಾಥೆಡ್ರಲ್‌ನ ಮಧ್ಯದ ಗೋಪುರ ಕುಳ್ಳಗಿದೆ ಅಲ್ವಾ? ಅದರ ಹಿಂದೊಂದು ಕಥೆ. 14ನೇ ಶತಮಾನದಲ್ಲಿ ಇಲ್ಲಿ ಆಲಿಸ್ ಕೈಟ್ಲರ್ ಅಂತ ಬಡ್ಡಿ ವ್ಯವಹಾರ ಮಾಡುತ್ತಿದ್ದ ಶ್ರೀಮಂತೆ ಇದ್ದಳು. ನಾಲ್ಕು ಮದುವೆಯಾದವಳು. ಗಂಡಂದಿರಿಗೆ ವಿಷ ಹಾಕಿದ್ದಾಳೆ, ಮಾಟ ಮಾಡಿಸಿದ್ದಾಳೆ ಅಂತ ಮಲಮಕ್ಕಳು ದೂರು ಕೊಟ್ಟರು. 1324ರಲ್ಲಿ ಬಿಷಪ್ ರಿಚರ್ಡ್ ಲೆಡ್ರೆಡ್ ವಿಚಾರಣೆ ನಡೆಸಿದ. ಆಲಿಸ್ ದುಡ್ಡಿದ್ದವಳು, ತಪ್ಪಿಸಿಕೊಂಡಳು. ಅವಳ ಸೇವಕಿ ಪೆಟ್ರೊನಿಲಾ ಸಿಕ್ಕಿಬಿದ್ದಳು. ಚಾಟಿಯಲ್ಲಿ ಹೊಡೆದು, ನವೆಂಬರ್ 3ರಂದು ಜೀವಂತ ಸುಟ್ಟರು. ಆಲಿಸ್ ಮಗ ವಿಲಿಯಂಗೆ ಸಿಕ್ಕ ಶಿಕ್ಷೆ ಕ್ಯಾಥೆಡ್ರಲ್ ಮಾಡಿಗೆ ಸೀಸದ ಹೊದಿಕೆ ಹಾಕಿಸುವುದು. ಹಾಕಿಸಿದ. 1332ರಲ್ಲಿ ಮಧ್ಯದ ಗೋಪುರ ಕುಸಿಯಿತು, ಆ ಸೀಸದ ಭಾರಕ್ಕೇ ಬಿತ್ತು ಅಂತ ಊರಲ್ಲಿ ಹೇಳುತ್ತಾರೆ.

ಹಂತ 7: ನಿಧಾನಕ್ಕೆ ಇಳಿದು ಬನ್ನಿ

ಇಲ್ಲಿಂದ ಕೋಟೆಯವರೆಗೆ ಬಹುತೇಕ ಎಲ್ಲ ಪುಕ್ಕಟೆ. ಐರಿಶ್‌ಟೌನ್ ದಾಟುವಾಗ ಬ್ರೇಗಾ ಅನ್ನುವ ಪುಟ್ಟ ಹೊಳೆ ಸಿಗುತ್ತದೆ, ಗಮನಿಸದಿದ್ದರೆ ಚರಂಡಿ ಅಂದುಕೊಳ್ಳುತ್ತೀರಿ. ಒಂದು ಕಾಲಕ್ಕೆ ಅದೇ ಗಡಿ: ಆಚೆ ಐರಿಶ್‌ಟೌನ್, ಈಚೆ ಇಂಗ್ಲಿಷರ ಹೈಟೌನ್, ಎರಡಕ್ಕೂ ಬೇರೆ ಬೇರೆ ಆಡಳಿತ. 1366ರಲ್ಲಿ ಇದೇ ಊರಿನಲ್ಲಿ ಸಭೆ ಸೇರಿ ಕಾನೂನು ಮಾಡಿದರು. ಇಲ್ಲಿ ನೆಲೆಸಿದ ಇಂಗ್ಲಿಷರು ಐರಿಶ್ ಜನರನ್ನು ಮದುವೆಯಾಗಬಾರದು, ಐರಿಶ್ ಭಾಷೆ ಆಡಬಾರದು, ಕೋಲು ಚೆಂಡಿನ ಐರಿಶ್ ಆಟ ಹರ್ಲಿಂಗ್ ಅನ್ನೂ ಆಡಬಾರದು. ಕಾನೂನು ಎಷ್ಟು ನಡೆಯಿತು ಅಂತ ಕೇಳಿದರೆ, ಇವತ್ತು ಹರ್ಲಿಂಗ್‌ನ ಆಲ್-ಐರ್ಲೆಂಡ್ ಕಪ್ ಅತಿ ಹೆಚ್ಚು ಸಲ ಗೆದ್ದಿರುವುದು ಕಿಲ್ಕೆನ್ನಿ ಕೌಂಟಿ. ಕಪ್ಪು ಹಳದಿ ಪಟ್ಟೆಯ ಬಾವುಟ ಅಂಗಡಿ ಅಂಗಡಿಗೂ ನೇತಾಡುತ್ತಿರುತ್ತದೆ. ಹುಡುಗರು ಆ್ಯಶ್ ಮರದ ಕೋಲು ಹಿಡಿದು ಶಾಲೆಗೆ ಹೋಗುವುದನ್ನು ನೋಡ್ತೀರಿ.

ಬಲಕ್ಕೆ ಆ್ಯಬಿ ಸ್ಟ್ರೀಟ್‌ಗೆ ತಿರುಗಿದರೆ ಬ್ಲ್ಯಾಕ್ ಆ್ಯಬಿ. 1225ರಲ್ಲಿ ಡೊಮಿನಿಕನ್ ಸನ್ಯಾಸಿಗಳು ಕಟ್ಟಿದ್ದು, ಈಗಲೂ ಪೂಜೆ ನಡೆಯುತ್ತದೆ. ಒಳಗೆ ಹೋಗಿ ಬೆಂಚಿನ ಮೇಲೆ ಕೂತು ದಕ್ಷಿಣದ ದೊಡ್ಡ ಬಣ್ಣದ ಗಾಜಿನ ಕಿಟಕಿ ನೋಡಿ, 1892ರದ್ದು. ಬಿಸಿಲಿದ್ದರೆ ನೆಲದ ಮೇಲೆಲ್ಲ ನೀಲಿ ಕೆಂಪು ಚೆಲ್ಲಿರುತ್ತದೆ. ಯಾರಾದರೂ ಪ್ರಾರ್ಥನೆಯಲ್ಲಿದ್ದರೆ ಫೋಟೋ ಬೇಡ. ಪಕ್ಕದಲ್ಲೇ ಬ್ಲ್ಯಾಕ್ ಫ್ರೆರೆನ್ ಗೇಟ್, ಊರಿನ ಹಳೇ ಗೋಡೆಯಲ್ಲಿ ಉಳಿದಿರುವ ಒಂದೇ ಬಾಗಿಲು.

ವಾಪಸ್ ಪಾರ್ಲಿಮೆಂಟ್ ಸ್ಟ್ರೀಟ್‌ಗೆ ಬಂದರೆ ರೋತ್ ಹೌಸ್. ಜಾನ್ ರೋತ್ ಅನ್ನುವ ವ್ಯಾಪಾರಿ 1594ರಿಂದ 1610ರೊಳಗೆ ಕಟ್ಟಿಸಿದ್ದು, ಒಂದರ ಹಿಂದೆ ಒಂದು ಮೂರು ಮನೆ, ಮಧ್ಯೆ ಅಂಗಳ, ಕೊನೆಗೆ ತೋಟ. ಸಂಸಾರ ಬೆಳೆದಂತೆ ಹಿಂದಕ್ಕೆ ಬೆಳೆದ ಮನೆ. ಬೀದಿಗೆ ಮುಖ ಸಣ್ಣದು, ಉದ್ದ ಜಾಸ್ತಿ, ಈ ಊರಿನ ಹಳೇ ನಿವೇಶನಗಳೆಲ್ಲ ಹೀಗೇ. ಮೂರನೇ ಟಿಕೆಟ್‌ಗೆ ದುಡ್ಡಿದ್ದರೆ ಇಲ್ಲಿ ಹಾಕಿ. ಸ್ಮಿದಿಕ್ಸ್ ಬಿಯರ್‌ನ ಪ್ರವಾಸಕ್ಕೆ ನಾನಂತೂ ಹಾಕಲ್ಲ. ಕಾರ್ಖಾನೆ 2013ರಲ್ಲೇ ಮುಚ್ಚಿ ಡಬ್ಲಿನ್‌ಗೆ ಹೋಗಿದೆ.

ಹೈ ಸ್ಟ್ರೀಟ್‌ನಲ್ಲಿ ಫುಟ್‌ಪಾತ್ ಮೇಲೆ ಕಮಾನು ಚಾಚಿಕೊಂಡು ನಿಂತಿರುವ ಗಡಿಯಾರದ ಕಟ್ಟಡವೇ ಥೋಲ್ಸೆಲ್, 1761ರದ್ದು. ಮಳೆ ಜೋರಾದರೆ ಊರಿನವರೆಲ್ಲ ಅದರ ಕೆಳಗೇ ನಿಲ್ಲುವುದು. ಹತ್ತಿರದಲ್ಲೇ ಬಟರ್ ಸ್ಲಿಪ್ ಅನ್ನುವ ಕಿರುಗಲ್ಲಿ, ಇಬ್ಬರು ಎದುರಾದರೆ ಭುಜ ತಾಗುತ್ತದೆ. ಹಿಂದೆ ಇಲ್ಲಿ ಬೆಣ್ಣೆ ಮಾರುತ್ತಿದ್ದರು, ಬಿಸಿಲು ಬೀಳದ ಜಾಗ ನೋಡಿ. ಮೆಟ್ಟಿಲು ಇಳಿದರೆ ಸೇಂಟ್ ಕೀರನ್ಸ್ ಸ್ಟ್ರೀಟ್. ಅಲ್ಲಿರುವ ಕೈಟ್ಲರ್ಸ್ ಇನ್ ಅದೇ ಆಲಿಸ್ ಹೆಸರಿನದು, ಈಗ ಪಬ್.

ಹಂತ 8: ಊಟ

ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಬೇಕು ಅಂದ್ರೆ ಯಾವುದೇ ಡೆಲಿ ಕೌಂಟರ್‌ನಲ್ಲಿ ಚಿಕನ್ ಫಿಲೆಟ್ ರೋಲ್. ಅರ್ಧ ಐರ್ಲೆಂಡ್ ವಿದ್ಯಾರ್ಥಿಗಳು ಬದುಕಿರುವುದೇ ಅದರ ಮೇಲೆ. ಸಸ್ಯಾಹಾರಿಗಳು ಕೆಫೆಯಲ್ಲಿ ತರಕಾರಿ ಸೂಪ್, ಜೊತೆಗೆ ಬೆಣ್ಣೆ ಹಚ್ಚಿದ ಬ್ರೌನ್ ಸೋಡಾ ಬ್ರೆಡ್ ತಗೊಳ್ಳಬಹುದು. ಆದರೆ ತರಕಾರಿ ಸೂಪ್ ಅಂತ ಬರೆದಿದ್ದರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಸ್ಟಾಕ್ ಯಾವುದು ಅಂತ ಕೇಳಿ. ಮೆನುವಿನಲ್ಲಿ ಒಂದೊಂದು ತಿಂಡಿಯ ಮುಂದೆ 1, 3, 7, 9 ಅಂತ ಅಂಕಿಗಳಿರುತ್ತವೆ. ಅದು ಬೆಲೆಯೂ ಅಲ್ಲ, ಖಾರದ ಲೆಕ್ಕವೂ ಅಲ್ಲ. ಯುರೋಪಿನ ನಿಯಮದಂತೆ ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ, ಯಾವ ಅಂಕಿಗೆ ಏನು ಅಂತ ಮೆನುವಿನ ಕೊನೆಗೆ ಬರೆದಿರುತ್ತದೆ. ಮೊಟ್ಟೆ, ಮೀನು ಇದೆಯಾ ಅಂತ ತಿಳಿಯಲು ಒಳ್ಳೆಯದು, ಆದರೆ ಕೋಳಿ, ದನ, ಹಂದಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಬಾಯಿಬಿಟ್ಟು ಕೇಳುವುದೇ ಸರಿ.

ಡಬ್ಬಿ ತಂದವರು ಇನ್ನೂ ತೆರೆಯಬೇಡಿ. ಕೋಟೆಗೆ ಬನ್ನಿ.

ಹಂತ 9: ಕೋಟೆ

ಕೋಟೆಯ ಉದ್ಯಾನಕ್ಕೆ ದುಡ್ಡಿಲ್ಲ. ಸುಮಾರು 50 ಎಕರೆ ಹುಲ್ಲುಹಾಸು, ದೊಡ್ಡ ಮರಗಳು, ಬೆಂಚು. ಇದೇ ನಾನು ಹೇಳಿದ ಜಾಗ. ಚಿತ್ರಾನ್ನದ ಮುಚ್ಚಳ ತೆರೆದರೆ ಕಾಗೆ ಜಾತಿಯ ಹಕ್ಕಿಗಳು ನಡೆದೇ ಬರುತ್ತವೆ. ಹಾಕಬೇಡಿ, ಹಾಕಿದರೆ ಬಳಗ ಸಮೇತ ಬರುತ್ತವೆ.

ತಿಂದ ಮೇಲೆ ಎರಡನೇ ಟಿಕೆಟ್. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ವರ್ಷದಲ್ಲಿ ಡಬ್ಲಿನ್ ಕೋಟೆ, ಕಿಲ್ಮೇನಮ್ ಜೈಲು, ನ್ಯೂಗ್ರೇಂಜ್, ರಾಕ್ ಆಫ್ ಕ್ಯಾಶೆಲ್ ಅಂತೆಲ್ಲ ಹೋಗುವ ಮನಸ್ಸಿದ್ದರೆ ಸರ್ಕಾರದ ಹೆರಿಟೇಜ್ ಕಾರ್ಡ್ ಮಾಡಿಸಿ. ಅದಕ್ಕೂ ವಿದ್ಯಾರ್ಥಿ ದರ ಇದೆ, ಮೂರ್ನಾಲ್ಕು ಕಡೆ ಹೋದರೆ ಹಾಕಿದ್ದು ವಾಪಸ್ ಬಂತು. ಸಂಜೆ ಕೊನೆಯ ಪ್ರವೇಶ ಮುಚ್ಚುವ ಸಮಯಕ್ಕಿಂತ ಮುಂಚೆಯೇ ನಿಲ್ಲುತ್ತದೆ, ಆದ್ದರಿಂದ ಊಟದ ಮೇಲೆ ಹುಲ್ಲಿನಲ್ಲಿ ನಿದ್ದೆ ಹೊಡೆಯುವ ಕೆಲಸ ಕೋಟೆ ನೋಡಿದ ನಂತರ ಇಟ್ಟುಕೊಳ್ಳಿ.

ನಾರ್ಮನ್ ಪ್ರಭು ವಿಲಿಯಂ ಮಾರ್ಷಲ್ 13ನೇ ಶತಮಾನದ ಮೊದಲಲ್ಲಿ ಕಟ್ಟಿಸಿದಾಗ ಕೋಟೆ ಚೌಕ, ನಾಲ್ಕು ಮೂಲೆಗೆ ನಾಲ್ಕು ಗೋಪುರ. ಈಗ ಎಣಿಸಿ ನೋಡಿ, ಮೂರೇ. 1650ರಲ್ಲಿ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ ಮುತ್ತಿಗೆ ಹಾಕಿದಾಗ ಒಂದು ಬದಿ ಹಾಳಾಯಿತು, ಆಮೇಲೆ ಅದನ್ನು ಕಟ್ಟಲಿಲ್ಲ. ಅದಕ್ಕೇ ಉದ್ಯಾನದ ಕಡೆ ಕೋಟೆ ಬಾಯಿ ತೆರೆದಂತಿದೆ. 1391ರಲ್ಲಿ ಬಟ್ಲರ್ ಮನೆತನ ಕೊಂಡುಕೊಂಡು, 1935ರವರೆಗೆ ಇಲ್ಲೇ ಇದ್ದರು. ಖರ್ಚು ತಾಳಲಾರದೆ ಸಾಮಾನು ಹರಾಜು ಹಾಕಿ ಹೊರಟರು. 1967ರಲ್ಲಿ ಊರಿನವರಿಗೆ ಕೊಟ್ಟಾಗ ತಗೊಂಡದ್ದು 50 ಪೌಂಡ್. ಡಬ್ಲಿನ್‌ನಲ್ಲಿ ಬಾಡಿಗೆ ರೂಮು ಹುಡುಕಿ ಸುಸ್ತಾದವರಿಗೆ ಈ ಅಂಕಿ ಕೇಳಿ ಹೊಟ್ಟೆ ಉರಿಯಬೇಕು.

ಒಳಗೆ ಕೋಣೆಗಳನ್ನು 19ನೇ ಶತಮಾನದ ರೀತಿಯಲ್ಲಿ ಸಜ್ಜು ಮಾಡಿದ್ದಾರೆ. ಲೈಬ್ರರಿ, ಊಟದ ಮನೆ ಬೇಗ ನೋಡಿ ಮುಂದೆ ಹೋಗಿ, ಕೊನೆಯ ಪಿಕ್ಚರ್ ಗ್ಯಾಲರಿಗೆ ಸಮಯ ಉಳಿಸಿ. ಗೋಡೆ ತುಂಬ ಹಿರಿಯರ ಚಿತ್ರಗಳು, ಎಲ್ಲರೂ ಅದನ್ನೇ ನೋಡುತ್ತಾರೆ. ನೀವು ತಲೆ ಎತ್ತಿ. ಮರದ ತೊಲೆಗಳಿಗೆಲ್ಲ ಬಣ್ಣದ ಬಳ್ಳಿ ಬರೆದು, ತೊಲೆಯ ತುದಿಗಳಲ್ಲಿ ಚಿನ್ನದ ಬಣ್ಣದ ಪ್ರಾಣಿ ಪಕ್ಷಿಗಳ ತಲೆ ಕೆತ್ತಿದ್ದಾರೆ. ಒಂದೊಂದೂ ಬೇರೆ.

ಎದುರಿಗಿರುವ ಹಳೇ ಕುದುರೆ ಲಾಯ ಈಗ ಕರಕುಶಲ ಅಂಗಡಿ. ನೋಡಲು ಚೆನ್ನ, ಬೆಲೆ ನಮ್ಮಂಥವರಿಗಲ್ಲ.

ಹಂತ 10: ಉಳಿದ ಹೊತ್ತು, ವಾಪಸ್

ರೈಲಿಗೆ ಇನ್ನೂ ಒಂದು ಗಂಟೆ ಇದ್ದರೆ ಕೋಟೆಯ ಕೆಳಗೆ ನದಿ ದಡಕ್ಕೆ ಇಳಿಯಿರಿ. 1750ರ ದಶಕದಲ್ಲಿ ಇಲ್ಲಿ ಕಾಲುವೆ ತೋಡಲು ಶುರು ಮಾಡಿ ದುಡ್ಡು ಸಾಲದೆ ಕೈಬಿಟ್ಟರು, ಆ ದಾರಿಯೇ ಈಗ ಕೆನಾಲ್ ವಾಕ್. ಅರ್ಧ ಗಂಟೆ ನಡೆದು ತಿರುಗಿ ಬನ್ನಿ. ಮಳೆಯಿದ್ದರೆ ಬೇರೆ ದಾರಿ: ಪಾದಚಾರಿಗಳ ಲೇಡಿ ಡೆಸಾರ್ಟ್ ಸೇತುವೆ ದಾಟಿದರೆ ಬಟ್ಲರ್ ಗ್ಯಾಲರಿ ಹತ್ತಿರ, ಅಲ್ಲಿ ಚಿತ್ರಪ್ರದರ್ಶನ ನೋಡಬಹುದು. ಸ್ಟೇಷನ್ ಇರುವುದೂ ಅದೇ ದಡದಲ್ಲಿ.

ಸ್ಟೇಷನ್‌ಗೆ ಹೋಗುವ ದಾರಿ ಸ್ವಲ್ಪ ಏರು. ಕೋಟೆಯಿಂದ ಕಾಲು ಗಂಟೆ ಹಿಡಿಯಿರಿ. ಖಾಲಿ ಬಾಟಲಿಗಳಿದ್ದರೆ ದಾರಿಯ ಸೂಪರ್‌ಮಾರ್ಕೆಟ್‌ನಲ್ಲೇ ಮೆಷಿನ್‌ಗೆ ಹಾಕಿ, ಬಂದ ಚೀಟಿಯಲ್ಲಿ ರೈಲಿಗೊಂದು ಬಿಸ್ಕತ್ ಪ್ಯಾಕ್ ಬರುತ್ತದೆ. ಪ್ಲಾಟ್‌ಫಾರ್ಮ್‌ನಲ್ಲಿ ಬೋರ್ಡ್ ಮೇಲೆ ಡಬ್ಲಿನ್ ಹ್ಯೂಸ್ಟನ್ ಅಂತ ಇದೆಯಾ ನೋಡಿ ಹತ್ತಿ. ಹ್ಯೂಸ್ಟನ್‌ನಲ್ಲಿ ಇಳಿದು ಲುವಾಸ್ ಹತ್ತುವಾಗ ಕಾರ್ಡ್ ಟ್ಯಾಪ್ ಮಾಡಲು ಮರೆಯಬೇಡಿ, ಸುಸ್ತಾಗಿರುವ ಸಂಜೆಯಲ್ಲೇ ದಂಡ ಹಾಕುವವರು ಹತ್ತುವುದು.